ಕಂಬಂ ಕಣಿವೆಯ ಎರಡು ಬಾವಲಿಗಳು

ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಕಂಬಂ ಕಣಿವೆ ಇದೆ. ಇದರ ಒಂದು ಬದಿಯಲ್ಲಿ ಕೇರಳದ ಗಡಿಯ ಬೆಟ್ಟಗಳಿವೆ. ಇನ್ನೊಂದು ಬದಿಯಲ್ಲಿ ಮೇಘಮಲೆ ಇದೆ. 1895ರಲ್ಲಿ ಕಟ್ಟಿ ಮುಗಿಸಿದ ಮುಲ್ಲೈ ಪೆರಿಯಾರ್ ಅಣೆಕಟ್ಟಿನ ನೀರು ಈ ಕಣಿವೆಗೆ ಹರಿದು ಬರುತ್ತದೆ. ಆದ್ದರಿಂದ ಇಲ್ಲಿ ಭತ್ತ, ಬಾಳೆ, ತೆಂಗು ಮತ್ತು ದ್ರಾಕ್ಷಿ ಚೆನ್ನಾಗಿ ಬೆಳೆಯುತ್ತವೆ. ಚಪ್ಪರದ ಮೇಲೆ ಹಬ್ಬಿದ ಬಳ್ಳಿಗಳಿಂದ ದ್ರಾಕ್ಷಿ ಗೊಂಚಲುಗಳು ಕೆಳಗೆ ತೂಗಾಡುವುದನ್ನು ನೋಡುವುದೇ ಒಂದು ಚೆಂದ. ಕನ್ನಡ ಮಾತನಾಡುವ ಬೇಸಾಯಗಾರರ ಮನೆಗಳೂ ಈ ಕಣಿವೆಯಲ್ಲಿವೆ.

ಸೂರ್ಯ ಮುಳುಗಿ ಕತ್ತಲೆಯಾದ ಕೂಡಲೇ ಈ ತೋಟಗಳಿಗೆ ಒಬ್ಬ ಅತಿಥಿ ಬರುತ್ತಾನೆ. ಸದ್ದಿಲ್ಲದೆ ಹಾರಿ ಬಂದು, ಹಣ್ಣನ್ನು ಕಚ್ಚಿಕೊಂಡು ಹೋಗುತ್ತಾನೆ. ಅವನು ಯಾರು ಗೊತ್ತೇ? ಅವನೇ ಬಾವಲಿ. ತಮಿಳಿನಲ್ಲಿ ಇದನ್ನು ವೌವಾಲ್ ಎನ್ನುತ್ತಾರೆ.

ಬಾವಲಿ ಹಾರುತ್ತದೆ, ಆದರೆ ಅದು ಹಕ್ಕಿಯಲ್ಲ. ಹಕ್ಕಿ ಮೊಟ್ಟೆ ಇಡುತ್ತದೆ. ಬಾವಲಿ ಮರಿ ಹಾಕಿ ಹಾಲುಣಿಸುತ್ತದೆ. ಆದ್ದರಿಂದ ಅದು ಹಸು, ನಾಯಿ, ಬೆಕ್ಕುಗಳಂತೆ ಒಂದು ಸಸ್ತನಿ. ಅದರ ಮೈಮೇಲೆ ಪುಕ್ಕಗಳಿಲ್ಲ, ಕೂದಲಿದೆ. ಅದರ ರೆಕ್ಕೆ ಎಂದರೆ ಅದರ ಕೈಯೇ! ನಾಲ್ಕು ಬೆರಳುಗಳು ಬಹಳ ಉದ್ದವಾಗಿ ಬೆಳೆದಿವೆ. ಅವುಗಳ ನಡುವೆ ತೆಳುವಾದ ತೊಗಲು ಕೊಡೆಯ ಬಟ್ಟೆಯಂತೆ ಹರಡಿಕೊಂಡಿದೆ. ಹೆಬ್ಬೆರಳು ಮಾತ್ರ ಚಿಕ್ಕದಾಗಿ, ಕೊಕ್ಕೆಯಂತಹ ಉಗುರಿನೊಂದಿಗೆ ಹೊರಗೆ ಉಳಿದಿದೆ.

ನಮ್ಮ ತೋಟಗಳಿಗೆ ಹೆಚ್ಚಾಗಿ ಬರುವುದು ಮೋಟು ಮೂತಿಯ ಹಣ್ಣುಬಾವಲಿ. ಇದರ ತೂಕ ಸುಮಾರು 50 ಗ್ರಾಂ. ರೆಕ್ಕೆಗಳನ್ನು ಬಿಚ್ಚಿದರೆ ತುದಿಯಿಂದ ತುದಿಗೆ 45ರಿಂದ 50 ಸೆಂಟಿಮೀಟರ್ ಉದ್ದವಿರುತ್ತದೆ. ಮೈ ಕಂದು ಬಣ್ಣ. ಕಿವಿಗಳ ಅಂಚು ಬೆಳ್ಳಗಿರುತ್ತದೆ. ಹಿಂದೆ ಒಂದು ಪುಟ್ಟ ಬಾಲವೂ ಇದೆ. ನಮ್ಮ ದೇಶದಲ್ಲಿ, ಶ್ರೀಲಂಕಾದಲ್ಲಿ, ದಕ್ಷಿಣ ಚೀನಾದಲ್ಲಿ ಮತ್ತು ದೂರದ ಇಂಡೋನೇಷ್ಯಾದಲ್ಲಿಯೂ ಈ ಬಾವಲಿ ವಾಸಿಸುತ್ತದೆ. ವಿಜ್ಞಾನಿಗಳು ಇದಕ್ಕೆ ಮೊದಲು ಹೆಸರಿಟ್ಟದ್ದು 1797ರಲ್ಲಿ. ಆಗ ಅವರು ವರ್ಣಿಸಿದ ಬಾವಲಿ ತಮಿಳುನಾಡಿನ ಕಡಲತೀರದ ತರಂಗಂಬಾಡಿಯದೇ ಆಗಿತ್ತು.

ಬಾವಲಿಗೆ ಕಣ್ಣು ಕಾಣುವುದಿಲ್ಲ ಎಂದು ಹಲವರು ಹೇಳುವುದುಂಟು. ಇದು ನಿಜವಲ್ಲ. ಹುಳುಗಳನ್ನು ತಿನ್ನುವ ಸಣ್ಣ ಬಾವಲಿಗಳು ತಮ್ಮ ಕೂಗಿನ ಮರುದನಿಯನ್ನು ಕೇಳಿ ದಾರಿ ಕಂಡುಕೊಳ್ಳುತ್ತವೆ. ಅವುಗಳಿಗೂ ಕಣ್ಣು ಕಾಣುತ್ತದೆ. ನಮ್ಮ ಹಣ್ಣುಬಾವಲಿಗಾದರೋ ದೊಡ್ಡ ಕಣ್ಣುಗಳಿವೆ. ಮಂದ ಬೆಳಕಿನಲ್ಲಿಯೂ ಅದು ಚೆನ್ನಾಗಿ ನೋಡಬಲ್ಲದು. ಹಣ್ಣು ಮಾಗಿದೆಯೇ ಎಂಬುದನ್ನು ಮೂಗಿನಿಂದಲೇ ತಿಳಿಯುತ್ತದೆ.

ಗಂಡು ಬಾವಲಿ ಮನೆ ಕಟ್ಟುವುದರಲ್ಲಿ ಜಾಣ. ಬಗನಿ ಮರದ ಗೊಂಚಲುಗಳಲ್ಲಿಯೋ ದಟ್ಟವಾದ ಬಳ್ಳಿಗಳಲ್ಲಿಯೋ ಅದು ಜಾಗ ಹುಡುಕುತ್ತದೆ. ನಡುವಿನ ಎಳೆಗಳನ್ನೂ ಕಡ್ಡಿಗಳನ್ನೂ ಹಲ್ಲಿನಿಂದ ಕತ್ತರಿಸುತ್ತದೆ. ಹೀಗೆ ಹಲವು ವಾರ ದುಡಿದು ಗುಡಾರದಂತಹ ಒಂದು ಗೂಡನ್ನು ಮಾಡುತ್ತದೆ. ಪಾಳಯಂಕೋಟೆಯ ವಿಜ್ಞಾನಿಗಳು ಇದನ್ನು ರಾತ್ರಿಯೆಲ್ಲ ಕಾದು ಕುಳಿತು ನೋಡಿ ಬರೆದಿಟ್ಟಿದ್ದಾರೆ. ಗೂಡು ಸಿದ್ಧವಾದ ಮೇಲೆ ಹೆಣ್ಣು ಬಾವಲಿಗಳು ಬಂದು ಸೇರುತ್ತವೆ. ಹೆಣ್ಣು ವರ್ಷಕ್ಕೆ ಎರಡು ಸಲ, ಒಂದು ಸಲಕ್ಕೆ ಒಂದೇ ಮರಿಯನ್ನು ಹಾಕುತ್ತದೆ. ಎಳೆಯ ಮರಿ ತಾಯಿಯ ಎದೆಯನ್ನು ಬಿಗಿಯಾಗಿ ಅವುಚಿಕೊಂಡಿರುತ್ತದೆ.

ಬಾವಲಿ ಹಣ್ಣನ್ನು ಕಿತ್ತ ಮರದಲ್ಲೇ ಕುಳಿತು ತಿನ್ನುವುದಿಲ್ಲ. ಬೇರೊಂದು ಮರಕ್ಕೆ ಹೊತ್ತೊಯ್ದು ಅಗಿಯುತ್ತದೆ. ರಸವನ್ನು ಹೀರಿ ನಾರನ್ನು ಉಗುಳುತ್ತದೆ. ಬೀಜಗಳು ಅಲ್ಲಲ್ಲಿ ಬಿದ್ದು ಮೊಳೆಯುತ್ತವೆ. ಅತ್ತಿಯ ಸಣ್ಣ ಬೀಜಗಳು ಅದರ ಹಿಕ್ಕೆಯೊಂದಿಗೆ ದೂರ ದೂರಕ್ಕೆ ಹೋಗುತ್ತವೆ. ಇಪ್ಪೆ, ಕಾಡುಬಾಳೆ, ಬಿಳಿ ಬೂರುಗದ ಹೂಗಳಿಗೆ ಬಂದಾಗ ಪರಾಗವು ಅದರ ಮೂತಿಗೆ ಅಂಟಿ ಇನ್ನೊಂದು ಹೂವಿಗೆ ಸೇರುತ್ತದೆ. ಹೀಗೆ ಬಾವಲಿಯು ಕೂಲಿ ಕೇಳದೆ ಕಾಡು ಬೆಳೆಸುವ ತೋಟಗಾರ.

ಆದರೆ ಬೇಸಾಯಗಾರನಿಗೆ ಇದರಿಂದ ನಷ್ಟವೂ ಇದೆ. ಕಂಬಂನ ದ್ರಾಕ್ಷಿ, ದಿಂಡಿಗಲ್ ಜಿಲ್ಲೆಯ ಆಯಕ್ಕುಡಿಯ ಸೀಬೆ, ಸಿರುಮಲೆಯ ಬಾಳೆ, ಇವೆಲ್ಲ ವರ್ಷವಿಡೀ ಬೆವರು ಸುರಿಸಿ ಬೆಳೆಸಿದ ಫಲಗಳು. ಮಾಗಿದ ಹಣ್ಣು ಒಂದೇ ರಾತ್ರಿಯಲ್ಲಿ ಹಾಳಾದರೆ ಯಾರಿಗೆ ತಾನೇ ದುಃಖವಾಗುವುದಿಲ್ಲ? ಹಾಗಾದರೆ ಬಾವಲಿಗಳನ್ನೆಲ್ಲ ಕೊಂದುಬಿಡೋಣವೇ? ಇದಕ್ಕೆ ಉತ್ತರ ಹೇಳುವ ಮೊದಲು ಎರಡನೆಯ ಬಾವಲಿಯ ಕಥೆಯನ್ನು ಕೇಳಿ.

1948ರಲ್ಲಿ ಮೇಘಮಲೆಯಲ್ಲಿ ಆಂಗಸ್ ಹಟ್ಟನ್ ಎಂಬ ತೋಟಗಾರರಿದ್ದರು. ಅವರಿಗೆ ಕಾಡಿನ ಜೀವಿಗಳಲ್ಲಿ ಬಹಳ ಆಸಕ್ತಿ. ಅವರು ಅಲ್ಲಿ ಒಂದು ಬಾವಲಿಯನ್ನು ಹಿಡಿದು, ಅದನ್ನು ಮುಂಬಯಿಯ ಪ್ರಕೃತಿ ಚರಿತ್ರೆಯ ಸಂಘದ ಸಂಗ್ರಹಕ್ಕೆ ಸೇರಿಸಿದರು. ಅಲ್ಲಿ ಅದನ್ನು ಎಲ್ಲರೂ ಬಲ್ಲ ಮೋಟು ಮೂತಿಯ ಬಾವಲಿ ಎಂದೇ ಎಣಿಸಿದರು. ಇಪ್ಪತ್ತನಾಲ್ಕು ವರ್ಷ ಅದನ್ನು ಯಾರೂ ವಿಶೇಷವೆಂದು ಗಮನಿಸಲಿಲ್ಲ.

ಥಾಯ್ಲೆಂಡಿನ ವಿಜ್ಞಾನಿ ಕಿಟ್ಟಿ ಥೊಂಗ್‌ಲೊಂಗ್ಯಾ ಅದನ್ನು ಮತ್ತೆ ಪರೀಕ್ಷಿಸಿದರು. ಅದಕ್ಕೆ ಬಾಲವೇ ಇರಲಿಲ್ಲ! ಬಾಚಿಹಲ್ಲುಗಳೂ ಕಡಿಮೆ ಇದ್ದವು. ಅದು ಲೋಕಕ್ಕೇ ಹೊಸದಾದ ಬಾವಲಿಯಾಗಿತ್ತು. 1972ರಲ್ಲಿ ಅವರು ನಮ್ಮ ದೇಶದ ಪ್ರಸಿದ್ಧ ಪಕ್ಷಿತಜ್ಞ ಸಾಲಿಂ ಅಲಿಯವರ ಹೆಸರನ್ನೇ ಅದಕ್ಕೆ ಇಟ್ಟರು. ಅನಂತರವೂ ಅದು ಬಹುಕಾಲ ಕಾಣಸಿಗಲಿಲ್ಲ. 1993ರಲ್ಲಿ ಮೇಘಮಲೆಯಲ್ಲಿ ಮತ್ತೆ ಸಿಕ್ಕಿತು. ಮುಂದೆ ಕಳಕ್ಕಾಡು ಮುಂಡಂತುರೈ ಮತ್ತು ಪೆರಿಯಾರ್ ಕಾಡುಗಳಲ್ಲಿಯೂ ಕಂಡುಬಂದಿತು. ಪಶ್ಚಿಮ ಘಟ್ಟದ ದಕ್ಷಿಣ ಭಾಗವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇದು ಕಂಡುಬಂದಿಲ್ಲ.

ನೋಡಿದಿರಾ? ಒಂದು ಬಾವಲಿ ಊರೂರಿನಲ್ಲಿದೆ. ಅದನ್ನೇ ಹೋಲುವ ಇನ್ನೊಂದು ಅಳಿಯುವ ಅಂಚಿನಲ್ಲಿದೆ. ಕತ್ತಲೆಯಲ್ಲಿ ಇದು ಯಾವುದು, ಅದು ಯಾವುದು ಎಂದು ಯಾರು ಹೇಳಬಲ್ಲರು? ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿಯೂ ಹಣ್ಣುಬಾವಲಿಗಳನ್ನು ಬಹುಕಾಲ ಕಾಗೆ, ಇಲಿಗಳೊಂದಿಗೆ ಹಾನಿ ಮಾಡುವ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಿದ್ದರು. ಸಾಲಿಂ ಅಲಿ ಬಾವಲಿಗೆ ಮಾತ್ರ ಹೆಚ್ಚಿನ ರಕ್ಷಣೆ ದೊರೆಯಿತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಲಾಯಿತು. 2021ರಲ್ಲಿ ಮೇಘಮಲೆಯ ಕಾಡು ಶ್ರೀವಿಲ್ಲಿಪುತ್ತೂರು ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶದ ಭಾಗವಾಯಿತು. ಹುಲಿಯ ಜೊತೆಗೆ ಈ ಪುಟ್ಟ ಬಾವಲಿಗೂ ಅದರಿಂದ ಆಸರೆ ಸಿಕ್ಕಿದೆ.

ಹಣ್ಣನ್ನೂ ಉಳಿಸಬೇಕು, ಬಾವಲಿಯನ್ನೂ ಉಳಿಸಬೇಕು. ಗೊಂಚಲುಗಳಿಗೆ ಚೀಲ ಕಟ್ಟಬಹುದು. ಸಣ್ಣ ಕಣ್ಣಿನ ಗಟ್ಟಿ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಬಹುದು. ಸಡಿಲವಾದ ತೆಳು ಬಲೆಯಲ್ಲಿ ಬಾವಲಿಗಳೂ ಹಕ್ಕಿಗಳೂ ಸಿಕ್ಕಿ ಸಾಯುತ್ತವೆ. ಮಕ್ಕಳೇ, ನೀವು ಒಂದು ಮಾತನ್ನು ನೆನಪಿಡಿ. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು. ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಿಂದ ಮುಟ್ಟಬಾರದು, ದೊಡ್ಡವರಿಗೆ ತಿಳಿಸಬೇಕು. ಕಲ್ಲೆಸೆದು ಅದನ್ನು ಹಿಂಸಿಸಲೂ ಬಾರದು. ದೂರದಲ್ಲಿ ನಿಂತು ಗಮನವಿಟ್ಟು ನೋಡಿ. ದಿನವೂ ಕಾಣುವ ಜೀವಿಗಳ ನಡುವೆ ಯಾರೂ ಗುರುತಿಸದ ಹೊಸತೊಂದು ಇನ್ನೂ ಅಡಗಿರಬಹುದು.