ಇಂಗ್ಲಿಷಿನ ಇನ್ಫಿನಿಟಿವ್ ಕ್ರಿಯಾವಿಶೇಷಣವಾಗುವ ಬಗೆ

ಇಂಗ್ಲಿಷಿನಲ್ಲಿ ಧಾತುವಿಗೆ ಮೊದಲು ‘ಟು’ ಸೇರಿದ ರೂಪವನ್ನು ಇನ್ಫಿನಿಟಿವ್ ಎನ್ನುತ್ತಾರೆ. ‘ಟು ರೀಡ್’, ‘ಟು ಸೀ’ ಎಂಬವು ಇದಕ್ಕೆ ಉದಾಹರಣೆಗಳು. ಈ ರೂಪವು ವಾಕ್ಯದಲ್ಲಿ ನಾಮಪದದಂತೆ, ವಿಶೇಷಣದಂತೆ ಅಥವಾ ಕ್ರಿಯಾವಿಶೇಷಣದಂತೆ ಕೆಲಸ ಮಾಡುತ್ತದೆ. ಕನ್ನಡದ ‘ಓದಲು’, ‘ಓದಲಿಕ್ಕೆ’ ಎಂಬ ಕೃದಂತಾವ್ಯಯಗಳನ್ನು ಬಲ್ಲ ಮಗುವಿಗೆ ಈ ಪಾಠ ಪೂರ್ತಿ ಹೊಸದಲ್ಲ. ಗಡಿನಾಡಿನ ಮಗುವಿಗೆ ನೆರೆಭಾಷೆಯ ಬಲವೂ ಉಂಟು: ಮಲಯಾಳದ ‘ವಾಯಿಕ್ಕಾನ್’, ತಮಿಳಿನ ‘ಪಡಿಕ್ಕ’, ತೆಲುಗಿನ ‘ಚದವಡಾನಿಕಿ’, ಮರಾಠಿಯ ‘ವಾಚಾಯ್ಲಾ’ ಇದೇ ಕೆಲಸವನ್ನು ಮಾಡುವ ರೂಪಗಳು.

ಗುರುತಿಸುವ ಬಗೆ

ಕೆಳಗಿನ ಮೂರು ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದು, ಕನ್ನಡಕ್ಕೆ ತಿರುಗಿಸಲು ಹೇಳಬೇಕು.

1. ಶೀ ವಾಂಟ್ಸ್ ಟು ರೀಡ್ – ಅವಳು ಓದಲು ಬಯಸುತ್ತಾಳೆ.
2. ಶೀ ಹ್ಯಾಸ್ ಎ ಬುಕ್ ಟು ರೀಡ್ – ಅವಳಿಗೆ ಓದಲು ಒಂದು ಪುಸ್ತಕವಿದೆ.
3. ಶೀ ಕೇಮ್ ಟು ರೀಡ್ – ಅವಳು ಓದಲು ಬಂದಳು.

ಮೂರರಲ್ಲಿಯೂ ‘ಓದಲು’ ಎಂದೇ ಬರುವುದರಿಂದ ರೂಪವನ್ನು ನೋಡಿ ಕಾರ್ಯವನ್ನು ತಿಳಿಯಲಾಗದು; ಪ್ರಶ್ನೆ ಕೇಳಿಯೇ ತಿಳಿಯಬೇಕು. ಏನನ್ನು ಬಯಸುತ್ತಾಳೆ ಎಂಬುದಕ್ಕೆ ಉತ್ತರವಾದುದು ನಾಮಪದ. ಎಂಥ ಪುಸ್ತಕ ಎಂಬುದಕ್ಕೆ ಉತ್ತರವಾದುದು ವಿಶೇಷಣ. ಏಕೆ ಬಂದಳು ಎಂಬುದಕ್ಕೆ ಉತ್ತರವಾದುದು ಕ್ರಿಯಾವಿಶೇಷಣ. ‘ಟು’ ಇರುವಲ್ಲಿ ‘ಇನ್ ಆರ್ಡರ್ ಟು’ ಎಂದು ಇಟ್ಟು ನೋಡುವುದು ಇನ್ನೊಂದು ಪರೀಕ್ಷೆ. ಉದ್ದೇಶವನ್ನು ಹೇಳುವ ಮೂರನೆಯ ವಾಕ್ಯದಲ್ಲಿ ಮಾತ್ರ ಅದು ಸಹಜವಾಗಿ ಹೊಂದುತ್ತದೆ.

ತಪ್ಪು ಹುಟ್ಟುವ ಎಡೆಗಳು

‘ಓದಲಿಕ್ಕೆ’, ‘ಓದುವುದಕ್ಕೆ’ ಎಂಬಲ್ಲಿರುವ ‘ಕ್ಕೆ’ಯನ್ನು ಕಂಡು ಮಕ್ಕಳು ‘ಫಾರ್’ ಸೇರಿಸಿ ‘ಶೀ ಕೇಮ್ ಫಾರ್ ಟು ರೀಡ್’ ಎಂದು ಬರೆಯುವುದುಂಟು. ಇನ್ಫಿನಿಟಿವಿನ ‘ಟು’ವಿನಲ್ಲಿಯೇ ಆ ಅರ್ಥ ಅಡಗಿದೆಯೆಂದು ತಿಳಿಸಬೇಕು. ಮುಖ್ಯ ಕ್ರಿಯೆ ಭೂತಕಾಲದಲ್ಲಿದ್ದರೆ ‘ವೆಂಟ್ ಟು ಬಾಟ್’ ಎಂದು ಬರೆಯುವುದು ಇನ್ನೊಂದು ತಪ್ಪು. ಬಂದಳು, ಬರುತ್ತಾಳೆ, ಬರುವಳು – ಕಾಲ ಯಾವುದಾದರೂ ‘ಓದಲು’ ಬದಲಾಗದು. ಇಂಗ್ಲಿಷಿನಲ್ಲಿಯೂ ‘ಟು’ವಿನ ಮುಂದಿನ ಧಾತು ಬದಲಾಗದು. ಸ್ಥಾನ ಮಾತ್ರ ಬೇರೆ: ಕನ್ನಡದಲ್ಲಿ ‘ಓದಲು’ ಕ್ರಿಯಾಪದಕ್ಕೆ ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಅನಂತರ ಬರುತ್ತದೆ.

ಅರ್ಥವೇ ಬದಲಾಗುವ ಎಡೆಯೂ ಒಂದಿದೆ. ‘ಹೀ ಸ್ಟಾಪ್ಡ್ ಟು ಈಟ್’ ಎಂದರೆ ತಿನ್ನಲು ನಿಂತನು. ‘ಹೀ ಸ್ಟಾಪ್ಡ್ ಈಟಿಂಗ್’ ಎಂದರೆ ತಿನ್ನುವುದನ್ನು ನಿಲ್ಲಿಸಿದನು.

‘ಅಲು’ ಹೊಂದದ ಸಂದರ್ಭಗಳು

ಕ್ರಿಯಾವಿಶೇಷಣವಾದ ಇನ್ಫಿನಿಟಿವ್ ಯಾವಾಗಲೂ ಉದ್ದೇಶವನ್ನೇ ಹೇಳುವುದಿಲ್ಲ. ‘ಐ ಆ್ಯಮ್ ಗ್ಲ್ಯಾಡ್ ಟು ಸೀ ಯು’ ಎಂಬಲ್ಲಿ ಅದು ಸಂತೋಷದ ಕಾರಣವನ್ನು ಹೇಳುತ್ತದೆ. ಕನ್ನಡದಲ್ಲಿ ‘ನಿಮ್ಮನ್ನು ಕಂಡು ಸಂತೋಷವಾಯಿತು’ ಎನ್ನಬೇಕು. ‘ಹೀ ಗ್ರೂ ಅಪ್ ಟು ಬಿ ಎ ಡಾಕ್ಟರ್’ ಎಂಬಲ್ಲಿ ಅದು ಪರಿಣಾಮವನ್ನು ಹೇಳುತ್ತದೆ. ‘ಬೆಳೆದು ವೈದ್ಯನಾದನು’ ಎಂಬುದೇ ಸರಿಯಾದ ಅನುವಾದ. ‘ದ ಮಿಲ್ಕ್ ಈಸ್ ಟೂ ಹಾಟ್ ಟು ಡ್ರಿಂಕ್’ ಎಂಬುದು ಕನ್ನಡದಲ್ಲಿ ‘ಹಾಲು ಕುಡಿಯಲಾಗದಷ್ಟು ಬಿಸಿಯಾಗಿದೆ’ ಎಂದಾಗುತ್ತದೆ. ಕನ್ನಡದಲ್ಲಿ ಸ್ಪಷ್ಟವಾಗಿ ಕಾಣುವ ನಿಷೇಧವು ಇಂಗ್ಲಿಷಿನ ‘ಟೂ’ ಎಂಬುದರಲ್ಲಿ ಅಡಗಿರುವುದರಿಂದ ಅಲ್ಲಿ ‘ನಾಟ್’ ಸೇರಿಸಬಾರದು.

ಚಟುವಟಿಕೆ

ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಎಲ್ಲಿಗೆ, ಏಕೆ ಹೋದೆನೆಂಬುದನ್ನು ಮನೆಮಾತಿನಲ್ಲಿ ಒಂದು ವಾಕ್ಯವಾಗಿ ಹೇಳಲಿ. ‘ಓದಾಕ’, ‘ಓದೋಕೆ’, ‘ಓದ್ಲಿಕ್ಕೆ’ – ರೂಪ ಯಾವುದಾದರೂ ಅದನ್ನು ತಿದ್ದದೆ ಹಲಗೆಯ ಮೇಲೆ ಬರೆದು, ‘ಏಕೆ’ ಎಂಬ ಪ್ರಶ್ನೆಗೆ ಉತ್ತರಿಸುವ ಪದಕ್ಕೆ ಗೆರೆ ಎಳೆಸಬೇಕು. ಬಳಿಕ ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆಸಬೇಕು. ‘ಐ ವೆಂಟ್ ಟು ದ ಶಾಪ್ ಟು ಬೈ ಸಾಲ್ಟ್’ ಎಂಬಂಥ ವಾಕ್ಯ ಬಂದಾಗ, ಮೊದಲ ‘ಟು’ ಅಂಗಡಿಗೆ ಎಂಬಲ್ಲಿನ ‘ಗೆ’, ಎರಡನೆಯದು ಕೊಳ್ಳಲು ಎಂಬಲ್ಲಿನ ‘ಅಲು’ ಎಂಬುದನ್ನು ಮಕ್ಕಳಿಂದಲೇ ಹೇಳಿಸಬೇಕು. ಇಷ್ಟನ್ನು ಬಿಡಿಸಿ ಹೇಳಬಲ್ಲ ಮಗು ಪಾಠವನ್ನು ಗ್ರಹಿಸಿದೆಯೆಂದು ತಿಳಿಯಬಹುದು.