ಓಝರಿನಿಂದ ಚಿಕಲ್‌ಠಾಣೆಗೆ ಎಷ್ಟು ದೂರ, ಎಷ್ಟು ಹೊತ್ತು?

ನಾಸಿಕದ ಪಂಚವಟಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಕಾಳಿದಾಸನ ‘ರಘುವಂಶ’ದ ಹದಿಮೂರನೆಯ ಸರ್ಗದಲ್ಲಿ ಶ್ರೀರಾಮನು ಪುಷ್ಪಕವಿಮಾನದಲ್ಲಿ ಕುಳಿತು ಈ ಸ್ಥಳವನ್ನು ಸೀತೆಗೆ ತೋರಿಸುತ್ತಾನೆ. ಆ ವಿಮಾನವು ಒಡೆಯನ ಮನಸ್ಸಿನ ಇಚ್ಛೆಯಂತೆ ನಡೆಯುತ್ತಿದ್ದುದರಿಂದ ದೂರವನ್ನೂ ಕಾಲವನ್ನೂ ಗುಣಿಸುವ ತೊಂದರೆ ಯಾರಿಗೂ ಇರಲಿಲ್ಲ. ನಮ್ಮ ಕಾಲದ ವಿಮಾನಗಳಿಗೆ ಆ ಸೌಕರ್ಯವಿಲ್ಲ.

ಪಂಚವಟಿಯಿಂದ ಈಶಾನ್ಯಕ್ಕೆ ಸುಮಾರು ೨೦ ಕಿಲೋಮೀಟರು ದೂರದಲ್ಲಿ ಓಝರ್ ವಿಮಾನ ನಿಲ್ದಾಣವಿದೆ. ನಮ್ಮ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ೧೯೬೪ರಲ್ಲಿ ಮಿಗ್ ವಿಮಾನಗಳ ನಿರ್ಮಾಣಕ್ಕಾಗಿ ಕಾರ್ಖಾನೆಯನ್ನು ಆರಂಭಿಸಿದ್ದು ಇಲ್ಲಿಯೇ. ಇನ್ನೊಂದು ನಿಲ್ದಾಣವಾದ ಚಿಕಲ್‌ಠಾಣೆ, ೨೦೨೩ರವರೆಗೆ ಔರಂಗಾಬಾದ್ ಎನಿಸಿದ್ದ ಛತ್ರಪತಿ ಸಂಭಾಜಿನಗರದ ಪೂರ್ವಕ್ಕಿದೆ. ಎಲ್ಲೋರ, ಅಜಂತಗಳಿಗೆ ಹೋಗುವವರು ಇಳಿಯುವ ತಾಣ.

ಇವೆರಡರ ಅಂತರವನ್ನು ಶಾಲೆಯ ಭೂಪಟದ ಬಲದಿಂದಲೇ ಕಂಡುಹಿಡಿಯಬಹುದು. ಓಝರ್ ಉತ್ತರ ಅಕ್ಷಾಂಶ ೨೦.೧೨, ಪೂರ್ವ ರೇಖಾಂಶ ೭೩.೯೧ರಲ್ಲಿದೆ, ಚಿಕಲ್‌ಠಾಣೆ ೧೯.೮೬ ಮತ್ತು ೭೫.೪೦ರಲ್ಲಿ. ಅಕ್ಷಾಂಶದ ಒಂದು ಅಂಶವೆಂದರೆ ಎಲ್ಲೆಡೆಯೂ ಹೆಚ್ಚುಕಡಮೆ ೧೧೧ ಕಿಲೋಮೀಟರು. ರೇಖಾಂಶದ ಮಾತು ಹಾಗಲ್ಲ. ಆ ಗೆರೆಗಳು ಧ್ರುವದತ್ತ ಸಾಗಿದಂತೆ ಒಂದನ್ನೊಂದು ಸಮೀಪಿಸುತ್ತವೆ: ಭೂಮಧ್ಯರೇಖೆಯಲ್ಲಿ ೧೧೧ ಇದ್ದದ್ದು ನಾಸಿಕದ ಬಳಿ ೧೦೪.೫ ಆಗುತ್ತದೆ, ನಾರ್ವೆಗೆ ಸೇರಿದ ಹಿಮದ್ವೀಪದ ಲಾಂಗ್‌ಇಯರ್‌ಬಿಯೆನ್ ನಿಲ್ದಾಣದಲ್ಲಿ, ೭೮ನೆಯ ಅಕ್ಷಾಂಶದಲ್ಲಿ, ಕೇವಲ ೨೩! ಆದ್ದರಿಂದ ನಮ್ಮ ಎರಡು ನಿಲ್ದಾಣಗಳ ನಡುವೆ ದಕ್ಷಿಣಕ್ಕೆ ೨೯, ಪೂರ್ವಕ್ಕೆ ೧೫೬ ಕಿಲೋಮೀಟರು. ಲಂಬಕೋನ ತ್ರಿಭುಜದ ಸೂತ್ರದಂತೆ ಕರ್ಣವು ಸುಮಾರು ೧೫೯. ದೂರ ಹೆಚ್ಚಿದ್ದರೆ ಭೂಮಿಯ ಗುಂಡನ್ನೂ ಗಣಿಸಬೇಕಾಗುತ್ತದೆ. ಇಷ್ಟು ಸಣ್ಣ ಪಯಣಕ್ಕೆ ಅದು ಬೇಡ.

ಗಂಟೆಗೆ ೫೦೦ ಕಿಲೋಮೀಟರು ವೇಗದ ವಿಮಾನಕ್ಕೆ ಇದು ೧೯ ನಿಮಿಷದ ದಾರಿ. ಆದರೆ ವಿಮಾನವು ನೆಲದ ಮೇಲೆ ಓಡಬೇಕು, ಮೆಲ್ಲಗೆ ಮೇಲೇರಬೇಕು, ಗಾಳಿಗೆ ಎದುರಾಗಿ ಇಳಿಯಲು ಸುತ್ತು ಹಾಕಬೇಕು. ಹೀಗಾಗಿ ಹೊರಟು ನಿಲ್ಲುವುದರೊಳಗೆ ಮೂವತ್ತೈದು, ನಲವತ್ತು ನಿಮಿಷಗಳಾದರೂ ಸಲ್ಲುತ್ತವೆ. ಲಾಂಗ್‌ಇಯರ್‌ಬಿಯೆನ್‌ನಿಂದ ಟ್ರಾಮ್ಸೊಗೆ ಸುಮಾರು ೯೬೦ ಕಿಲೋಮೀಟರು. ಅಲ್ಲಿಯೂ ಏರಿಳಿತಕ್ಕೆ ಇಷ್ಟೇ ಹೊತ್ತು ವ್ಯಯವಾದರೂ, ಅಷ್ಟು ದೀರ್ಘ ಪಯಣದಲ್ಲಿ ಅದು ಅಲ್ಪಭಾಗ. ರಸ್ತೆಯಲ್ಲಿ ನಾಲ್ಕು ಗಂಟೆಯಲ್ಲಿ ತಲುಪಬಹುದಾದ ಊರಿಗೆ, ನಿಲ್ದಾಣಕ್ಕೆ ಹೋಗಿ ಕಾಯುವ ಸಮಯವನ್ನು ಕೂಡಿಸಿದರೆ, ಸಾಮಾನ್ಯ ಪ್ರಯಾಣಿಕನಿಗೆ ವಿಮಾನದಿಂದಾಗುವ ಲಾಭ ಬಹಳವಲ್ಲ. ಸಿದ್ಧವಾಗಿ ನಿಂತ ವಿಮಾನದಲ್ಲಿ ಸಾಗಿಸಬೇಕಾದ ರೋಗಿಯ ವಿಷಯ ಬೇರೆ.

ಗಾಳಿಯ ಲೆಕ್ಕವೂ ಸ್ವಾರಸ್ಯವಾದುದು. ೬೦ ಕಿಲೋಮೀಟರು ವೇಗದ ಎದುರುಗಾಳಿಯಲ್ಲಿ ೧೯ ನಿಮಿಷವು ೨೨ರ ಸಮೀಪಕ್ಕೆ ಬರುತ್ತದೆ. ಹಿಂಗಾಳಿಯಲ್ಲಿ ೧೭ಕ್ಕೆ ಇಳಿಯುತ್ತದೆ. ಹೋಗುವಾಗ ಕಳೆದುದು ಬರುವಾಗ ಪೂರ್ತಿ ದಕ್ಕುವುದಿಲ್ಲ, ಏಕೆಂದರೆ ಎದುರುಗಾಳಿಯಲ್ಲಿ ವಿಮಾನವು ಹೆಚ್ಚು ಹೊತ್ತು ಇರುತ್ತದೆ.

ಇಂಧನವು ಉರಿಯುವುದು ಹೊತ್ತಿಗನುಸಾರವಾಗಿ. ಕೆಳಗಿನ ನೆಲದ ದೂರವನ್ನು ಯಂತ್ರವು ಅರಿಯದು. ಆದುದರಿಂದ ಚಿಕಲ್‌ಠಾಣೆಗೆ ಸಾಕಾಗುವಷ್ಟನ್ನೇ ತುಂಬಿಕೊಂಡು ಯಾವ ಚಾಲಕನೂ ಹೊರಡುವಂತಿಲ್ಲ. ಅಲ್ಲಿ ಇಳಿಯಲಾಗದಿದ್ದರೆ ಬೇರೊಂದು ನಿಲ್ದಾಣವನ್ನು ಮುಟ್ಟುವಷ್ಟು, ಅದರ ಮೇಲೂ ಅರ್ಧ ಗಂಟೆ ಹಾರುವಷ್ಟು ಇಂಧನವಿರಬೇಕು. ಮಳೆಗಾಲದ ಮೋಡವು ತಗ್ಗಿ ಓಡುದಾರಿಯು ಕಾಣದಾದಾಗ ಒಳಗೆ ಕುಳಿತವರ ಪ್ರಾಣವು ನಿಂತಿರುವುದು ಆ ಹೆಚ್ಚಿನ ಇಂಧನದ ಮೇಲೆಯೇ.