ಎಚ್ಚರಿಕೆಯ ಮಿತಿಯೂ ಅದರ ಕಾಲನಿಯಮವೂ

ಕಂಪ್ಯೂಟರುಗಳ ಸ್ಥಿತಿಗತಿಯನ್ನು ಹಗಲಿರುಳೂ ಕಾಯುವ ತಂತ್ರಾಂಶಗಳು ಇಂದು ವಿಶ್ವವಿದ್ಯಾನಿಲಯ, ಬ್ಯಾಂಕು, ಆಸ್ಪತ್ರೆ ಮೊದಲಾದೆಡೆಗಳಲ್ಲಿ ಬಳಕೆಯಲ್ಲಿವೆ. ಅಳತೆಯು ಗೊತ್ತುಪಡಿಸಿದ ಮಿತಿಯನ್ನು ದಾಟಿದೊಡನೆ ಮೇಲ್ವಿಚಾರಕರಿಗೆ ಎಚ್ಚರಿಕೆಯನ್ನು ಕಳುಹಿಸುವುದು ಅವುಗಳ ಕೆಲಸ. ಈ ಮಿತಿಯು ಸರ್ವಕಾಲಕ್ಕೂ ಒಂದೇ ಆಗಿರಬೇಕೆ, ಹೊತ್ತಿಗೆ ತಕ್ಕಂತೆ ಬದಲಾಗಬೇಕೆ ಎಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಮಿತಿಯ ಕಲ್ಪನೆ ಈ ತಂತ್ರಾಂಶಗಳಿಗಿಂತ ಹಳೆಯದು. 1924ರಲ್ಲಿ ಅಮೆರಿಕದ ವಾಲ್ಟರ್ ಷೂಹಾರ್ಟ್ ಅವರು ಕಾರ್ಖಾನೆಯ ಉತ್ಪನ್ನಗಳ ಗುಣಪರೀಕ್ಷೆಗಾಗಿ ನಿಯಂತ್ರಣ ನಕ್ಷೆಯನ್ನು ರೂಪಿಸಿದರು. ಸಹಜವಾದ ಏರಿಳಿತವನ್ನೂ ವಿಶೇಷ ಕಾರಣದಿಂದ ಹುಟ್ಟಿದ ವ್ಯತ್ಯಾಸವನ್ನೂ ಬೇರ್ಪಡಿಸುವುದೇ ಅದರ ತತ್ತ್ವ. ಆದರೆ ಸಹಜವೆಂಬುದು ಹೊತ್ತಿನಿಂದ ಹೊತ್ತಿಗೆ ಬೇರೆಯಾಗುವುದು. ನಡುರಾತ್ರಿ ದಾಖಲೆಗಳ ಪ್ರತಿ ತೆಗೆಯುವಾಗ ಸರ್ವರಿನ ಶಕ್ತಿಯಲ್ಲಿ ನೂರಕ್ಕೆ 90 ಭಾಗ ವ್ಯಯವಾದರೂ ಆತಂಕವಿಲ್ಲ. ಪರೀಕ್ಷಾ ಫಲಿತಾಂಶದ ದಿನ ಮಧ್ಯಾಹ್ನ ಅಷ್ಟೇ ವ್ಯಯವಾದರೆ ಅದು ಆಪತ್ತಿನ ಸೂಚನೆ.

ಆದುದರಿಂದ ಎರಡು ಉಪಾಯಗಳುಂಟು: ಹೊತ್ತಿಗೆ ತಕ್ಕಂತೆ ಮಿತಿಯನ್ನು ಏರಿಳಿಸುವುದು, ಗೊತ್ತಾದ ಅವಧಿಯಲ್ಲಿ ಎಚ್ಚರಿಕೆಯನ್ನೇ ತಡೆಹಿಡಿಯುವುದು. ಎರಡನೆಯದು ಸುಲಭ, ಆದರೆ ಹೆಚ್ಚು ಅಪಾಯಕರ. ಪ್ರಾಮೀಥಿಯಸ್ ತಂತ್ರಾಂಶದ ಅಲರ್ಟ್‌ಮ್ಯಾನೇಜರ್ ಎಂಬ ಅಂಗವನ್ನೇ ನೋಡೋಣ. ಅದರಲ್ಲಿ ಸ್ಥಳವನ್ನು ಹೇಳದಿದ್ದರೆ, ಬರೆದ ಸಮಯವನ್ನು ಭಾರತೀಯ ಕಾಲಮಾನಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಕಾಲಮಾನವೆಂದೇ ಗ್ರಹಿಸಲಾಗುತ್ತದೆ. ಅಲ್ಲದೆ ಒಂದು ಅವಧಿ ನಡುರಾತ್ರಿಯನ್ನು ದಾಟುವಂತಿಲ್ಲ. ಅದನ್ನು ಎರಡಾಗಿ ಒಡೆದು ಬರೆಯಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೌನವಿರಲೆಂದು ಕಾಲಮಾನವನ್ನು ಗಮನಿಸದೆ ಬರೆದರೆ, ಆ ಮೌನವು ನಮ್ಮಲ್ಲಿ ನಸುಕಿನ 3-30ರಿಂದ ಹಗಲು 11-30ರವರೆಗೆ ನೆಲೆಸುವುದು. ಕಚೇರಿ ತೆರೆದ ಮೇಲೂ ಕಾವಲು ಮೂಕವಾಗಿರುವುದು.

ಇಲ್ಲಿನ ಎರಡು ಅತಿರೇಕಗಳಿಗೆ ಇತಿಹಾಸದಲ್ಲಿ ನಿದರ್ಶನಗಳಿವೆ. ಅವು ಕಾಲನಿಯಮದ ದೋಷದಿಂದ ಹುಟ್ಟಿದವಲ್ಲವಾದರೂ ಎಚ್ಚರಿಕೆಯ ಸ್ವಭಾವವನ್ನು ತಿಳಿಸುತ್ತವೆ. 1979ರ ಮಾರ್ಚ್ 28ರಂದು ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅಪಘಾತದಲ್ಲಿ ಆರಂಭದಲ್ಲಿಯೇ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಮೊಳಗಿದವು. ಅಮುಖ್ಯವಾದುವನ್ನು ಅಡಗಿಸುವ ಏರ್ಪಾಡಿರಲಿಲ್ಲ. 2003ರ ಆಗಸ್ಟ್ 14ರಂದು ಒಹಾಯೊ ರಾಜ್ಯದ ವಿದ್ಯುತ್ ನಿಯಂತ್ರಣಾಲಯವೊಂದರಲ್ಲಿ ಎಚ್ಚರಿಕೆಯ ತಂತ್ರಾಂಶವೇ ಸದ್ದಿಲ್ಲದೆ ನಿಂತುಹೋಯಿತು. ಒಂದು ಗಂಟೆಗೂ ಹೆಚ್ಚು ಕಾಲ ಸಿಬ್ಬಂದಿಗೆ ಅದು ತಿಳಿಯಲಿಲ್ಲ. ಇದೂ ಒಂದು ಕಾರಣವಾಗಿ ಅಮೆರಿಕ ಮತ್ತು ಕೆನಡಗಳಲ್ಲಿ ಸುಮಾರು 5 ಕೋಟಿ ಜನರು ಕತ್ತಲೆಗೆ ಸಿಲುಕಿದರು.

ಮೌನವು ಕ್ಷೇಮದ ಪ್ರಮಾಣವಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ರಾತ್ರಿಯ ಕಾವಲುಗಾರನು ಆಗಾಗ ಕೂಗಿ ತಾನು ಎಚ್ಚರವಾಗಿರುವುದನ್ನು ತಿಳಿಸುವಂತೆ, ಕಾವಲಿನ ತಂತ್ರಾಂಶವೂ ತಪ್ಪದೆ ಸಂಕೇತವನ್ನು ಕಳುಹಿಸುತ್ತಿರಬೇಕು. ಎಚ್ಚರಿಕೆಯನ್ನು ಪೂರ್ತಿ ತಡೆಯುವುದಕ್ಕಿಂತ ಮಿತಿಯನ್ನು ಏರಿಸುವುದು ಲೇಸು. ತಡೆಯಲೇಬೇಕಾದರೆ ಆ ತಡೆಗೆ ಕೊನೆಯ ದಿನವಿರತಕ್ಕದ್ದು. ದಾನಶಾಸನವು ದಾನಿಯನ್ನೂ ಕಾಲವನ್ನೂ ಉದ್ದೇಶವನ್ನೂ ಹೇಳುವಂತೆ, ಪ್ರತಿಯೊಂದು ಮಿತಿಯ ಜೊತೆಯಲ್ಲಿಯೂ ಅದನ್ನು ಯಾರು, ಎಂದು, ಏತಕ್ಕಾಗಿ ವಿಧಿಸಿದರೆಂಬುದು ಬರಹದಲ್ಲಿರಬೇಕು. ಕಾರಣ ಮರೆತುಹೋದ ಮಿತಿಯನ್ನು ಮುಂದೆ ಬಂದವರು ಧೈರ್ಯವಾಗಿ ತಿದ್ದಲಾರರು, ನಂಬಲೂ ಆರರು.